ಹಳ್ಳದಾಚೆಯ ಮಣ್ಣಿನ ಪಟ್ಟಿ

ಎರಡು ನಕ್ಷೆಗಳನ್ನು ಅಂಚಿಗೆ ಅಂಚು ತಾಗಿಸಿ ಇಟ್ಟರೆ ಈ ಹಾಳೆಯ ಗೆರೆ ಆ ಹಾಳೆಯ ಗೆರೆಗೆ ಕೂಡಬೇಕು. ಕೂಡದಿದ್ದರೆ ಇಬ್ಬರಲ್ಲಿ ಒಬ್ಬರು ಎಡವಿದ್ದಾರೆ ಎಂದೇ ಲೆಕ್ಕ. ಭೂವಿಜ್ಞಾನ ಇಲಾಖೆಯ ನಕ್ಷೆ ಕೋಣೆಯಲ್ಲಿ ಅಂಚು ಕೂಡಿಸುವ ದಿನವೆಂದರೆ ಬೀಗರ ಮಾತುಕತೆ ಇದ್ದ ಹಾಗೆ. ನಿಮ್ಮ ಗೆರೆ ಒಂಚೂರು ಇಳಿಯಲಿ, ನಮ್ಮದು ಒಂಚೂರು ಏರಲಿ, ಹೇಗೋ ಹೊಂದಿಸಿಕೊಂಡು ಹೋಗೋಣ ಎಂದು ಎರಡೂ ಕಡೆಯವರು ಹಲ್ಲು ಕಿರಿದು ಕೈ ತೊಳೆದುಕೊಳ್ಳುತ್ತಾರೆ. ಭೂಮಿಯೂ ತಮ್ಮ ಜೊತೆ ಹೊಂದಿಕೊಂಡುಬಿಡುತ್ತದೆ ಎಂಬುದು ಅವರ ನಂಬಿಕೆ.

ಆವತ್ತು ಅಕ್ಕನ ಮೇಜಿನ ಮೇಲೆ ಗೆರೆಗಳು ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂಡಿದ್ದವು. ಕೂಡದೆ ನಿಂತದ್ದು ಬಣ್ಣ. ಬಲಗಡೆಯ ಹಾಳೆ ಅವಳದು, ಈ ಸಲ ಅವಳೊಬ್ಬಳೇ ತಿರುಗಿ ಮಾಡಿದ್ದು. ಅದರಲ್ಲಿ ಗುಡ್ಡದಿಂದ ಗುಡ್ಡಕ್ಕೆ ಹರಿದುಬಂದ ಹಸಿರು ಪಟ್ಟಿ ಅಂಚಿಗೆ ಬಂದು ಮುಟ್ಟಿತ್ತು. ಎಡಗಡೆಯ ಹಾಳೆ ತಮ್ಮನದು, ಅಚ್ಚಾಗಿ ಹೊರಬಿದ್ದು ವರ್ಷಗಳೇ ಆಗಿದ್ದವು. ಅದರಲ್ಲಿ ಅದೇ ಜಾಗದಿಂದ, ಅದೇ ಎತ್ತರದಿಂದ ಹೊರಟ ಪಟ್ಟಿ ಕೆಂಪಾಗಿತ್ತು.

ಅಕ್ಕನ ಎದೆ ಧಸಕ್ಕೆಂದಿತು. ನನ್ನದೇ ತಪ್ಪಿರಲಿ, ದೇವರೇ, ನನ್ನದೇ ಇರಲಿ ಎಂದುಕೊಳ್ಳುತ್ತ ಕಪಾಟಿನಿಂದ ತಾನು ತಂದಿದ್ದ ಮಣ್ಣಿನ ತುಂಡನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಹಸಿರು. ತಿರುಗಿಸಿ ಹಿಡಿದರೂ ಹಸಿರು. ಎರಡನೇ ಮಾತೇ ಇರಲಿಲ್ಲ.

ಇಷ್ಟಕ್ಕೆಲ್ಲ ಎದೆ ಹೊಡೆದುಕೊಳ್ಳಬೇಕೆ ಎಂದು ಕೇಳಬಹುದು. ಕೇಳಿ, ಹೇಳುತ್ತೇನೆ. ಆ ಪ್ರಸ್ಥಭೂಮಿ ಒಂದು ಕಾಲದ ಲಾವಾ. ಒಂದು ಸಲ ಉಕ್ಕಿ ಹರಿದು ಆರಿದ ಮೇಲೆ ಅದರ ಮೇಲೆ ಇನ್ನೊಂದು, ಮತ್ತೊಂದು, ಹೀಗೆ ಮಹಡಿಯ ಮೇಲೆ ಮಹಡಿ ಕಟ್ಟಿಕೊಂಡು ಬಂದಿದೆ. ಎಲ್ಲ ಮಹಡಿಗಳೂ ಕಪ್ಪು, ಎಲ್ಲವೂ ಒಂದೇ ಅಚ್ಚು. ನಿಂತಿರುವುದು ಯಾವ ಮಹಡಿಯಲ್ಲಿ ಎಂದು ತಿಳಿಯಬೇಕಾದರೆ ಮಹಡಿಗಳ ನಡುವೆ ಸಿಕ್ಕಿಕೊಂಡು ಸುಟ್ಟ ತೆಳ್ಳನೆಯ ಮಣ್ಣಿನ ಪಟ್ಟಿಯೇ ಗತಿ. ಆ ಭಾಗದಲ್ಲಿ ಅಂಥವು ಎರಡು: ಕೆಳಗಿನದು ಹಸಿರು, ಒಂದು ಮಹಡಿ ಮೇಲಿನದು ಕೆಂಪು. ತಮ್ಮನ ಹಾಳೆಯ ಅಂಚಿನ ಹತ್ತಿರ ಒಂದು ಹಳ್ಳ ಹರಿಯುತ್ತದೆ; ಅದರ ಈ ದಡದಲ್ಲಿ ಕೆಂಪು ಪಟ್ಟಿಯಿದೆ. ಆ ದಡದಲ್ಲೂ ಅದೇ ಎತ್ತರಕ್ಕೆ ಕೆಂಪೇ ಇದ್ದರೆ ನೆಲ ಗಟ್ಟಿ, ಯೋಚನೆಯಿಲ್ಲ. ಕೆಂಪಿನ ಎದುರಿಗೆ ಹಸಿರು ಬಂದು ಕೂತಿದ್ದರೆ ಮಾತ್ರ ನೆಲ ಅಲ್ಲಿ ಸೀಳಿದೆ, ಆ ಕಡೆಯ ಭಾಗ ಒಂದು ಮಹಡಿ ಮೇಲಕ್ಕೆ ಜರುಗಿದೆ ಎಂದರ್ಥ. ಪುಸ್ತಕದಲ್ಲಿ ಇದಕ್ಕೆ ಸ್ತರಭಂಗ ಎನ್ನುತ್ತಾರೆ, ಕಚೇರಿಯಲ್ಲಿ ಫಾಲ್ಟ್. ಅಂಥ ಸೀಳಿನಲ್ಲಿ ಬಂಡೆ ಬಂಡೆಯಾಗಿರುವುದಿಲ್ಲ, ಪುಡಿಯಾಗಿ, ಹಸಿರು ಪಟ್ಟಿಯ ಮಣ್ಣಿನ ಜೊತೆ ಕಲೆಸಿ, ನೀರು ಕುಡಿದು ಕೆಸರಾಗಿರುತ್ತದೆ.

ಅದೇ ಹಳ್ಳದ ಅಡಿಯಲ್ಲಿ, ತಮ್ಮನ ನಕ್ಷೆಯನ್ನು ನಂಬಿಕೊಂಡು, ಊರಿಗೆ ಕುಡಿಯುವ ನೀರು ತರುವ ಸುರಂಗವೊಂದನ್ನು ಕೊರೆಯುತ್ತಿದ್ದರು. ಸುರಂಗದ ಭೂವಿಜ್ಞಾನಿಯೂ ತಮ್ಮನೇ. ಪ್ರತಿ ಸ್ಫೋಟದ ನಂತರ ಬಂಡೆ ನೋಡಲು ಎಲ್ಲರಿಗಿಂತ ಮೊದಲು ಒಳಗೆ ಕಾಲಿಡುವವನು ಅವನು.

ಅಕ್ಕ ಫೋನ್ ಮಾಡಿದಳು. ಸುರಂಗದೊಳಗೆ ಫೋನ್ ಎಲ್ಲಿಂದ ಹೋಗಬೇಕು? ಜೀಪಿನ ಕೀಲಿ ಕಿತ್ತುಕೊಂಡು ಹೊರಟೇಬಿಟ್ಟಳು. ದಾರಿಯುದ್ದಕ್ಕೂ ಅವಳಿಗೆ ತಮ್ಮನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಸಿಟ್ಟೇ ಹೆಚ್ಚು.

ಯಾಕೆಂದರೆ ತಮ್ಮನಿಗೆ ಕೆಂಪೂ ಹಸಿರೂ ಒಂದೇ. ಹುಟ್ಟಿದಾಗಿನಿಂದ ಹಾಗೆಯೇ. ಚಿಕ್ಕಂದಿನಲ್ಲಿ ಟೊಮೆಟೊ ತರಲು ಕಳಿಸಿದರೆ ಚೀಲದ ತುಂಬ ಕಾಯಿ ತುಂಬಿಕೊಂಡು ಬಂದು ಸೋಮಾರಿ ಎಂದು ಬೈಸಿಕೊಳ್ಳುತ್ತಿದ್ದ. ವಿಷಯ ಏನೆಂದು ಅರ್ಥವಾದ ದಿನ ಅಮ್ಮ ಮಗಳನ್ನು ಅಡಿಗೆಮನೆಗೆ ಕರೆದು ಬಾಗಿಲು ಹಾಕಿ, “ಯಾರ ಹತ್ರನೂ ಬಾಯಿ ಬಿಡಬೇಡ. ನೀನು ಜೊತೆಗಿದ್ದು ಹೇಳಿಕೊಡು, ಅಷ್ಟೆ” ಎಂದಿದ್ದಳು. ಅಕ್ಕ ಅಂದಿನಿಂದ ಹೇಳಿಕೊಟ್ಟದ್ದೇ ಕೊಟ್ಟದ್ದು. ಕೆಲಸಕ್ಕೆ ಸೇರುವ ಮುಂಚೆ ಕಣ್ಣಿನ ಪರೀಕ್ಷೆಯಿತ್ತು, ಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿ ಓದುವುದು. ಅವಳು ಅದೇ ಪುಸ್ತಕವನ್ನು ಹಿಂದಿನ ವರ್ಷ ಓದಿ ಕೆಲಸಕ್ಕೆ ಸೇರಿದ್ದವಳು. ಯಾವ ಪುಟದಲ್ಲಿ ಯಾವ ಅಂಕಿ ಎಂದು ತಮ್ಮನಿಗೆ ಮಗ್ಗಿ ಕಲಿಸಿದ ಹಾಗೆ ಕಲಿಸಿದಳು. ಅವನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿ ಬಂದ. ಡಾಕ್ಟರು ಭೇಷ್ ಅಂದರಂತೆ.

ಹಾಗೆಂದು ಅವನೇನು ಬೆಪ್ಪುತಕ್ಕಡಿಯಲ್ಲ. ದೂರದ ಗುಡ್ಡದಲ್ಲಿ ಪದರ ಎಲ್ಲಿ ಸೊಂಟ ಬಗ್ಗಿಸಿದೆ, ಮಡಿಕೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಯಾವ ಸಣ್ಣ ಬಿರುಕು ಯಾವ ದೊಡ್ಡ ಬಿರುಕಿನ ಮರಿ ಎಂದು ಜೀಪಿನಲ್ಲಿ ಕೂತೇ ಹೇಳುತ್ತಿದ್ದ. ಕಚೇರಿಯಲ್ಲಿ ಅವನಿಗೆ ಹದ್ದು ಎಂದು ಹೆಸರು. ಹದ್ದು ಸುತ್ತಿಗೆ ಹಿಡಿಯುತ್ತಿತ್ತು, ಅಕ್ಕ ಬಣ್ಣದ ಪೆನ್ಸಿಲ್ ಹಿಡಿಯುತ್ತಿದ್ದಳು. ಜೋಡೆತ್ತುಗಳು ಎಂದು ಎಲ್ಲರೂ ನಗುತ್ತಿದ್ದರು. ಅವನು ಬಂಡೆ ಒಡೆದು ತುಂಡನ್ನು ಅವಳ ಕೈಗಿಟ್ಟು ಮುಖ ನೋಡುವನು, ಅವಳು ಮೆಲ್ಲಗೆ ಬಣ್ಣ ಹೇಳುವಳು. ಹೀಗೇ ಅಷ್ಟೂ ಹಾಳೆಗಳು ತುಂಬಿದ್ದವು, ಎಲ್ಲವೂ ಸರಿಯಾಗಿದ್ದವು.

ಹಳ್ಳದ ಆಚೆಯ ಎರಡು ಬೆರಳಗಲದ ಜಾಗ ಒಂದನ್ನು ಬಿಟ್ಟು. ಆ ಹೊತ್ತಿಗೆ ಅಮ್ಮ ಆಸ್ಪತ್ರೆಯಲ್ಲಿದ್ದಳು, ಅಕ್ಕ ಅವಳ ಹಾಸಿಗೆಯ ಪಕ್ಕ ಕೂತಿದ್ದಳು. ತಮ್ಮ ಒಬ್ಬನೇ ಹಳ್ಳ ದಾಟಿದ್ದ.

ಸುರಂಗದ ಬಾಯಿಯ ಹತ್ತಿರದ ತಗಡಿನ ಶೆಡ್ಡಿನಲ್ಲಿ ಅವನು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದ. ಅಕ್ಕನನ್ನು ಕಂಡು ಮುಖ ಅರಳಿತು.

“ಏನಕ್ಕ, ಹೇಳದೆ ಕೇಳದೆ? ಬಾ, ಊಟ ಮಾಡು.”

“ಹಳ್ಳದ ಆಚೆ ದಡದ ಪಟ್ಟಿ ಕೆಂಪು ಅಂತ ಹಾಕಿದ್ದೀಯಲ್ಲ,” ಎಂದಳು ಅವಳು ನಿಂತೇ, “ಯಾರು ಹೇಳಿದ್ರು?”

ಅವನ ಕೈ ಡಬ್ಬಿಯಲ್ಲೇ ನಿಂತಿತು. “ಯಾರು ಹೇಳ್ಬೇಕಿತ್ತು? ನೀನಿರ್ಲಿಲ್ಲ.”

“ಅದಕ್ಕೇ ಕೇಳ್ತಿರೋದು.”

“ಎತ್ತರ ಸರಿಯಾಗಿತ್ತು. ಈ ದಡದ ಪಟ್ಟಿಗೆ ನೂಲು ಹಿಡಿದಷ್ಟು ನೇರ. ನೆಕ್ಕಿ ನೋಡ್ದೆ, ನಾಲಿಗೆಗೆ ಅಂಟ್ತು. ಉಗುರಲ್ಲಿ ಗೀರಿದೆ. ಇನ್ನೇನು ಮಾಡ್ಬೇಕಿತ್ತು ನಾನು?”

“ಹಸಿರು ಮಣ್ಣೂ ನಾಲಿಗೆಗೆ ಅಂಟುತ್ತೆ ಕಣೋ! ಒಂದು ತುಂಡು ಜೇಬಿಗೆ ಹಾಕ್ಕೊಂಡು ಬಂದು ನನಗೆ ತೋರಿಸೋಕೆ ಏನಾಗಿತ್ತು?”

ಅವನು ತಲೆಯೆತ್ತಲಿಲ್ಲ. “ಅಮ್ಮ ಸಾಯ್ತಾ ಇದ್ಲು ಅಕ್ಕ. ಆಸ್ಪತ್ರೆಗೆ ಕಲ್ಲು ಹಿಡ್ಕೊಂಡು ಬಂದು ಇದು ಯಾವ ಬಣ್ಣ ಅಂತ ಕೇಳ್ಬೇಕಿತ್ತಾ?”

“ನಡಿ, ಹೋಗಿ ನೋಡೋಣ,” ಎಂದಳು ಅವಳು. ಡಬ್ಬಿಯನ್ನು ಹಾಗೇ ಬಿಟ್ಟು ಇಬ್ಬರೂ ಜೀಪು ಹತ್ತಿದರು.

ಹಳ್ಳದಲ್ಲಿ ಮೊಣಕಾಲುದ್ದ ನೀರು. ದಾಟಿ ಆಚೆ ದಡ ಹತ್ತಿದರೆ ಕಪ್ಪು ಬಂಡೆಯ ಸಂದಿನಲ್ಲಿ ಆ ಪಟ್ಟಿ, ಮೇಲೆಲ್ಲ ಧೂಳು ಮೆತ್ತಿ ಕಂದು ಬಣ್ಣಕ್ಕೆ ತಿರುಗಿತ್ತು. ಇಷ್ಟೇ ನೋಡಿದ್ದರೆ ಯಾರ ಕಣ್ಣಿಗಾದರೂ ಕೆಂಪಿನ ತಂಗಿಯ ಹಾಗೆಯೇ ಕಾಣುತ್ತಿತ್ತು. ತಮ್ಮ ಸುತ್ತಿಗೆಯಿಂದ ಮೇಲ್ಮೈ ಕೆತ್ತಿ, ಒಳಗಿನ ಹಸಿ ಮಣ್ಣಿನ ಹೆಂಟೆಯೊಂದನ್ನು ಎಬ್ಬಿಸಿ ಅವಳ ಅಂಗೈಗಿಟ್ಟ. ಎಂದಿನಂತೆ ಅವನು ಮಣ್ಣನ್ನು ನೋಡಲಿಲ್ಲ, ಅಕ್ಕನ ಮುಖ ನೋಡಿದ. ಅಕ್ಕ ಏನೂ ಹೇಳಬೇಕಾಗಲಿಲ್ಲ.

“ಕೆಂಪು ಅನ್ನು,” ಎಂದ ಅವನು. ದನಿ ಚಿಕ್ಕ ಹುಡುಗನದಾಗಿತ್ತು. “ಒಂದ್ಸಲ ಅನ್ನು ಅಕ್ಕ.”

“ಅಂದ್ರೆ ಆಗುತ್ತೇನೋ?”

ಅವನು ಅಲ್ಲೇ ಕುಕ್ಕರಿಸಿದ. ಅಳುತ್ತಾನೆ ಎಂದುಕೊಂಡಳು, ಅಳಲಿಲ್ಲ. ನೀರನ್ನು ನೋಡುತ್ತ, ಇಳಿಜಾರು ಅಳೆಯುತ್ತ, ಬೆರಳು ಮಡಿಸುತ್ತ ಲೆಕ್ಕ ಹಾಕಿದ. ಈಗ ಒಳಗೆ ಸ್ಫೋಟಕಕ್ಕೆ ತೂತು ಕೊರೆಯುತ್ತಿದ್ದಾರೆ. ಮಧ್ಯಾಹ್ನದ ಸ್ಫೋಟವಾದರೆ ಸುರಂಗ ಸೀಳಿನ ಬುಡಕ್ಕೆ ಬಂದು ನಿಲ್ಲುತ್ತದೆ. ಸಿಡಿಯುವ ಹೊತ್ತಿಗೆ ಎಲ್ಲರೂ ಹೊರಗಿರುತ್ತಾರೆ ನಿಜ, ಆದರೆ ಆಮೇಲೆ ಸಿಡಿದ ಕಲ್ಲು ಬಾಚಲು ಒಳಗೆ ಹೋದಾಗ ಅವರಿಗೂ ಈ ಹಳ್ಳಕ್ಕೂ ನಡುವೆ ಉಳಿಯುವುದು ಹಪ್ಪಳದಂಥ ಒಂದು ಗೋಡೆ.

“ಸುಮ್ನೆ ನಿಲ್ಲಿಸ್ತೀನಿ,” ಎಂದು ಎದ್ದ. “ಬಂಡೆ ಯಾಕೋ ಸರಿಯಿಲ್ಲ ಅಂತೀನಿ. ನನ್ನ ಮಾತು ಕೇಳ್ತಾರೆ. ಕಣ್ಣಿನ ವಿಷಯ ಎತ್ತೋದೇ ಬೇಡ. ನನ್ನವಳಿಗೂ ಗೊತ್ತಿಲ್ಲ ಅಕ್ಕ. ಬಟ್ಟೆ ಆರಿಸೋದ್ರಲ್ಲಿ ನನ್ನಂಥವರಿಲ್ಲ ಅಂತ ಊರೆಲ್ಲ ಹೇಳ್ಕೊಂಡು ಬರ್ತಾಳೆ.”

ಅಂಗಡಿಗೆ ಹೋಗುವ ಮುಂಚೆ ಯಾವ ಬಣ್ಣ ಕೇಳಲಿ ಎಂದು ಅವನು ತನಗೆ ಫೋನ್ ಮಾಡುತ್ತಿದ್ದದ್ದು ಅಕ್ಕನಿಗೆ ನೆನಪಾಯಿತು.

ಮುಖ್ಯ ಎಂಜಿನಿಯರ್ ಕೆಟ್ಟವರೇನಲ್ಲ. ಕೆಲಸ ನಿಂತರೆ ಮೇಲಿನವರು ಹುರಿದು ಮುಕ್ಕುತ್ತಾರೆ ಎಂಬ ಭಯದಲ್ಲೇ ಕೂದಲು ಉದುರಿಸಿಕೊಂಡವರು. ತಮ್ಮ ಹೇಳಿದ್ದನ್ನು ಪೂರ್ತಿ ಕೇಳಿ, ಗೋಡೆಗೆ ಅಂಟಿಸಿದ್ದ ನಕ್ಷೆಯತ್ತ ಕೈ ತೋರಿಸಿದರು.

“ಬಂಡೆ ಗಟ್ಟಿ ಅಂತ ಬೆಳಿಗ್ಗೆ ತಾನೇ ಸಹಿ ಹಾಕಿದ್ದೀರಿ. ಈ ನಕ್ಷೇಲಿ ಹಳ್ಳದ ಹತ್ರ ಒಂದು ಗೀಟಾದ್ರೂ ಇದೆಯೇನ್ರಿ? ಹದ್ದಿನ ನಕ್ಷೆ ಅಂತ ಕಣ್ಣು ಮುಚ್ಕೊಂಡು ಬಂದಿದ್ದೀವಿ ಇಲ್ಲೀವರೆಗೆ.”

“ಆ ನಕ್ಷೆ ತಪ್ಪು ಸಾರ್.”

“ಯಾಕೆ ತಪ್ಪು? ಕಾರಣ ಹೇಳಿ. ಮೇಲಿನವರಿಗೆ ನಾನು ಏನಂತ ಹೇಳ್ಲಿ, ಹದ್ದಿಗೆ ಯಾಕೋ ಮನಸ್ಸು ಸರಿಯಿಲ್ಲ ಅಂತಲೇ?”

ಅಕ್ಕ ಬಾಯಿ ತೆರೆದಳು. ಆಚೆ ದಡದಿಂದ ತಂದ ಹಸಿರು ಹೆಂಟೆ ಅವಳ ಜೇಬಿನಲ್ಲೇ ಇತ್ತು. ಅವಳೇ ಹೇಳಿಬಿಟ್ಟಿದ್ದರೆ ತಮ್ಮ ಆ ಮಾತಾಡುವುದು ತಪ್ಪುತ್ತಿತ್ತೇನೋ. ಆದರೆ ಅಮ್ಮನ ಅಡಿಗೆಮನೆಯ ಬಾಗಿಲು ಇನ್ನೂ ಅವಳ ಬಾಯಿಯ ಮುಂದೆಯೇ ಮುಚ್ಚಿಕೊಂಡಿತ್ತು. ಅಷ್ಟರಲ್ಲಿ ತಮ್ಮನೇ ಹೇಳಿದ.

“ನನಗೆ ಕೆಂಪು ಹಸಿರು ಗೊತ್ತಾಗಲ್ಲ ಸಾರ್. ಯಾವತ್ತೂ ಗೊತ್ತಾಗಿಲ್ಲ. ಆಚೆ ದಡದಲ್ಲಿರೋದು ಹಸಿರು. ನಾನು ಕೆಂಪು ಅಂತ ಬರೆದೆ.”

ಶೆಡ್ಡಿನಲ್ಲಿ ಟೀ ಕುಡಿಯುತ್ತಿದ್ದ ಡ್ರಿಲ್ ಮೇಸ್ತ್ರಿ ಲೋಟ ಕೆಳಗಿಟ್ಟ. ಎಂಜಿನಿಯರ್ ಮೊದಲು ನಕ್ಕರು, ಆಮೇಲೆ ಅನುಮಾನದಿಂದ ನೋಡಿದರು. ಮೂಲೆಯಲ್ಲಿದ್ದ, ಸುರಂಗದ ಟ್ರಾಲಿಗಳಿಗೆ ತೋರಿಸುವ ಎರಡು ಬಾವುಟಗಳನ್ನು ಎತ್ತಿ ಒಂದನ್ನು ಮುಂದೆ ಹಿಡಿದರು.

“ಇದ್ಯಾವುದು?”

“ಕೆಂಪು,” ಎಂದ ತಮ್ಮ.

“ಇದು?”

“ಹಸಿರು.”

ಎರಡೂ ಸರಿ. ಕೆಂಪು ಬಾವುಟದ ತುದಿ ಹರಿದಿದೆ ಎಂಬುದು ಅವನಿಗೆ ಗೊತ್ತಿತ್ತು, ಅಂಥ ನೂರು ಗುರುತುಗಳ ಮೇಲೆಯೇ ಅವನ ಬಾಳು ನಡೆದಿತ್ತು. ಕೇಳಿದ ಕೂಡಲೇ ನಾಲಿಗೆ ತಾನಾಗಿ ಸರಿ ಉತ್ತರ ಕೊಟ್ಟುಬಿಟ್ಟಿತು. ಹುಟ್ಟಿದಾಗಿನಿಂದ ಸಿಕ್ಕಿಬೀಳದೆ ಇರುವುದನ್ನೇ ಅಭ್ಯಾಸ ಮಾಡಿದವನಿಗೆ ಬೇಕೆಂದಾಗ ಸಿಕ್ಕಿಬೀಳಲು ಬರಲಿಲ್ಲ.

“ರಜಾ ಬೇಕಿದ್ರೆ ನೇರವಾಗಿ ಕೇಳ್ರಿ,” ಎಂದರು ಎಂಜಿನಿಯರ್, ಬಾವುಟ ಬಿಸಾಡಿ. “ಅದಕ್ಕೆ ಕುರುಡರ ವೇಷ ಯಾಕೆ?”

ಅಕ್ಕ ಬಾಗಿಲಾಚೆ ನೋಡಿದಳು. ಹೊರಗೆ ಸ್ಫೋಟಕದ ಪೆಟ್ಟಿಗೆಗಳು ಗಾಡಿಗೆ ಏರುತ್ತಿದ್ದವು. ಈಗ ಅಮ್ಮನೂ ಇಲ್ಲ, ಮಾನವೂ ಉಳಿದಿಲ್ಲ, ಇನ್ನು ಬಾಯಿ ಬಿಡದಿದ್ದರೆ ತಮ್ಮನೂ ಉಳಿಯುವುದಿಲ್ಲ ಎನಿಸಿ ಅವಳು ಮುಂದೆ ಬಂದು ಮೇಜನ್ನು ಗುದ್ದಿಯೇ ಬಿಟ್ಟಳು.

“ಅವನ ನಕ್ಷೇಲಿರೋ ಬಣ್ಣ ಒಂದೊಂದೂ ನಾನು ಹೇಳಿದ್ದು. ಸುಳ್ಳು ಹೇಳ್ಕೊಂಡು ಬಂದವಳು ನಾನು. ಹಳ್ಳದ ಆಚೆ ನಾನಿರಲಿಲ್ಲ. ತಗೊಳ್ಳಿ ಆಚೆಯ ಮಣ್ಣು, ನಿಮ್ಮ ಕಣ್ಣು ನೆಟ್ಟಗಿದೆಯಲ್ಲ, ನೀವೇ ನೋಡಿ!”

ಎಂಜಿನಿಯರ್ ಮಣ್ಣು ನೋಡಿದರು. “ಇದನ್ನ ಎಲ್ಲಿಂದಲಾದ್ರೂ ತಂದಿರಬಹುದು,” ಎಂದರು, ಆದರೆ ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

“ಬೆಳಗಿನ ಸಹಿ ವಾಪಸ್ ತಗೊಳ್ತೀನಿ ಸಾರ್,” ಎಂದ ತಮ್ಮ. “ನನ್ನ ಸಹಿ ಇಲ್ಲದೆ ನೀವು ಸಿಡಿಸೋ ಹಾಗಿಲ್ಲ. ಮೊದಲು ಒಂದು ಉದ್ದನೆ ತೂತು ಹಾಕಿ ನೋಡಿ, ಮುಂದೆ ಏನಿದೆ ಅಂತ.”

“ತೂತಲ್ಲಿ ಗಟ್ಟಿ ಬಂಡೆಯೇ ಬಂದ್ರೆ?”

“ಮನೆಗೆ ಹೋಗ್ತೀನಿ.”

ಗಟ್ಟಿ ಬಂಡೆ ಬರದಿದ್ದರೂ ಅವನು ಹೋಗಬೇಕಾದದ್ದು ಮನೆಗೇ. ಬಣ್ಣ ಕಾಣದವನ ಕೈಗೆ ಇನ್ನೊಂದು ನಕ್ಷೆ ಯಾರು ಕೊಡುತ್ತಾರೆ? ಅದು ಆ ಶೆಡ್ಡಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಅವನು ಹೆಲ್ಮೆಟ್ ಹಾಕಿಕೊಂಡ.

ಸುರಂಗದ ಕೊನೆಯ ಗೋಡೆಯ ಮುಂದೆ ಸೆಕೆ, ಎಣ್ಣೆಯ ವಾಸನೆ, ಪಾದ ಮುಳುಗುವಷ್ಟು ಕೆಸರು. ಡ್ರಿಲ್ಲಿನ ಸದ್ದಿಗೆ ಪಕ್ಕದವರ ಮಾತೂ ಕೇಳುವುದಿಲ್ಲ. ಕೊರೆಯುವಾಗ ತೂತಿನೊಳಗೆ ನೀರು ಬಿಡುತ್ತಾರೆ. ಅದು ಕಲ್ಲಿನ ಹಿಟ್ಟು ಹೊತ್ತುಕೊಂಡು ವಾಪಸು ಬರುತ್ತದೆ. ಬಂಡೆ ಗಟ್ಟಿಯಿರುವವರೆಗೆ ಆ ನೀರು ಬೂದಿ ಬಣ್ಣ. ಮೇಸ್ತ್ರಿ ಒಂದು ಸರಳು ಪೂರ್ತಿ ಇಳಿಸಿದ, ಇನ್ನೊಂದು ಕೂಡಿಸಿದ. ಬೂದಿ. ಮತ್ತೊಂದು ಕೂಡಿಸಿದ. ಬೂದಿಯೇ. ಎಂಜಿನಿಯರ್ ಗಡಿಯಾರ ನೋಡಿಕೊಂಡರು. ಅಕ್ಕನಿಗೆ ನಾಚಿಕೆಯಾಗುವಂಥ ಒಂದು ಆಸೆ ಹುಟ್ಟಿತು: ತಾನೇ ತಪ್ಪಿರಲಿ, ಗಟ್ಟಿ ಬಂಡೆಯೇ ಬರಲಿ, ಎಲ್ಲರೂ ನಗಲಿ, ಇಬ್ಬರೂ ಬೈಸಿಕೊಂಡು ಮನೆಗೆ ಹೋಗಲಿ.

ತಮ್ಮ ತೂತಿನ ಕೆಳಗೆ ಅಂಗೈ ಒಡ್ಡಿ, ಬರುವ ನೀರನ್ನು ಬೆರಳುಗಳ ನಡುವೆ ತಿಕ್ಕಿ ನೋಡುತ್ತಲೇ ಇದ್ದ. ಒಮ್ಮೆಲೇ ಅವನ ಕೈ ನಿಂತಿತು. ಒರಟು ಹಿಟ್ಟು ಹೋಗಿ ಬೆರಳಿಗೆ ನುಣುಪು ಹತ್ತಿತ್ತು. ಅವನು ದೀಪದ ಬೆಳಕಿಗೆ ಕೈ ಹಿಡಿದ, ಕಣ್ಣು ಕಿರಿದಾಗಿಸಿದ. ಅವನಿಗೆ ಕಂಡದ್ದು ಮೊದಲಿನದೇ ಮಂಕು ಬಣ್ಣ. ಅಕ್ಕನ ಮುಖಕ್ಕಾಗಿ ತಿರುಗಿದ. ಅಲ್ಲಿ ಸಾಲಾಗಿ ನಿಂತಿದ್ದವರ ಹೆಲ್ಮೆಟ್ಟಿನ ದೀಪಗಳು ಕಣ್ಣಿಗೆ ಹೊಡೆದವು. ಎಲ್ಲ ಮುಖಗಳೂ ಕತ್ತಲು, ಯಾವುದು ಅಕ್ಕನದೆಂದು ತಿಳಿಯಲಿಲ್ಲ.

ಅವನು ಮೇಸ್ತ್ರಿಗೆ ಕೈಯೆತ್ತಿದ. ಡ್ರಿಲ್ ನಿಂತಿತು. ಆ ಮೌನದಲ್ಲಿ, ತನ್ನ ಕೈಕೆಳಗಿನ ಅಷ್ಟೂ ಜನರ ಎದುರಿಗೆ, ಹದ್ದು ಕೂಗಿ ಕೇಳಿತು.

“ಅಕ್ಕಾ, ಇದು ಯಾವ ಬಣ್ಣ?”

ಯಾರೋ ಕೆಮ್ಮಿದರು. ಅಕ್ಕ ಜನರನ್ನು ಸರಿಸಿಕೊಂಡು ಮುಂದೆ ಬಂದು ಅವನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಇನ್ನು ಮೆಲ್ಲಗೆ ಹೇಳಿ ಪ್ರಯೋಜನವಿರಲಿಲ್ಲ.

“ಹಸಿರು ಕಣೋ,” ಎಂದಳು ಗಟ್ಟಿಯಾಗಿ. “ಅಚ್ಚ ಹಸಿರು.”

“ನನಗೆ ಕಾಣಲ್ಲ,” ಎಂದ ಅವನು ಜನರ ಕಡೆ ತಿರುಗಿ. “ಅಕ್ಕ ಹಸಿರು ಅಂತಿದ್ದಾಳೆ. ಅಂದ್ರೆ ಮುಂದಿರೋದು ಫಾಲ್ಟು. ಮೇಸ್ತ್ರಿ, ಎಲ್ಲಾ ಬಿಟ್ಟು ನಡೀರಿ. ಸಾರ್, ನೀವೂ. ಓಡಿ.”

ಅವರು ಅರ್ಧ ದಾರಿ ಬರುವಷ್ಟರಲ್ಲಿ ಹಿಂದೆ ತೂತಿನಿಂದ ಸರಳುಗಳನ್ನು ನೀರು ಒದ್ದು ಎಸೆದ ಸದ್ದು ಕೇಳಿಸಿತು. ಹೊರಗೆ ಬಂದು ಮೇಸ್ತ್ರಿ ತನ್ನವರನ್ನೆಲ್ಲ ಹೆಸರು ಹಿಡಿದು ಕೂಗಿ ಎಣಿಸಿಕೊಂಡ. ಎಲ್ಲರೂ ಇದ್ದರು. ಸ್ವಲ್ಪ ಹೊತ್ತಿಗೆ ಸುರಂಗದ ಬಾಯಿಂದ ಕೆಸರುನೀರು ಹರಿದು ಬಂದು ಅವರ ಬೂಟುಗಳನ್ನು ಮುಚ್ಚಿತು. ತಮ್ಮನ ಹತ್ತಿರ ಯಾರೂ ಬರಲಿಲ್ಲ. ಅವನನ್ನು ಅಪ್ಪಿಕೊಳ್ಳಬೇಕೋ ಹೊಡೆಯಬೇಕೋ ಅವರಿಗೂ ತಿಳಿದಿರಲಿಲ್ಲ.

ಶೆಡ್ಡಿನಲ್ಲಿ ಎಂಜಿನಿಯರ್ ಗೋಡೆಯಿಂದ ನಕ್ಷೆ ಬಿಚ್ಚಿ ಮೇಜಿನ ಮೇಲೆ ಹಾಸಿದರು.

“ನಾಳೆಯಿಂದ ಬರಬೇಡಿ,” ಎಂದರು. “ಇಬ್ಬರ ವಿಷಯಾನೂ ನಾನು ಮೇಲೆ ತಿಳಿಸಲೇಬೇಕು. ಹೋಗೋ ಮುಂಚೆ ಇದನ್ನ ಸರಿಮಾಡಿ ಕೊಡಿ.” ಆಮೇಲೆ, “ನನಗೂ ಮನೇಲಿ ಮಕ್ಕಳಿದ್ದಾರೆ ಕಣ್ರಿ,” ಎಂದರು. ಅದು ಬೈಗುಳವೋ ಧನ್ಯವಾದವೋ ಅವರಿಗೇ ಗೊತ್ತು.

ನಕ್ಷೆಯಲ್ಲಿ ಫಾಲ್ಟಿನ ಗೆರೆ ಎಳೆಯುವುದು ಕಪ್ಪಿನಲ್ಲಿ. ಅದಕ್ಕೆ ತಮ್ಮ ಯಾರನ್ನೂ ಕೇಳಬೇಕಾಗಿರಲಿಲ್ಲ. ಹಳ್ಳದ ಉದ್ದಕ್ಕೂ, ಈ ಗುಡ್ಡದ ಬುಡದಿಂದ ಆ ಕಣಿವೆಯ ಬಾಯಿಯವರೆಗೆ, ಒಂದೇ ಉಸಿರಿಗೆ ಎಳೆದ. ಅಂಥ ಗೆರೆ ಆ ಇಲಾಖೆಯಲ್ಲಿ ಇನ್ನೊಬ್ಬರ ಕೈಯಿಂದ ಬರುವುದಿಲ್ಲ ಎಂಬುದು ನೋಡುತ್ತ ನಿಂತಿದ್ದ ಅಕ್ಕನಿಗೆ ಗೊತ್ತಿತ್ತು. ಇನ್ನು ಮೇಲೆ ಅವನ ಕೈಯಿಂದಲೂ ಬರುವುದಿಲ್ಲ ಎಂಬುದೂ ಗೊತ್ತಿತ್ತು. ಅವಳ ಕಣ್ಣು ತುಂಬಿ ಹಾಳೆ ಕಲೆಸಿಹೋಯಿತು.

ಅವನು ಪೆನ್ಸಿಲ್ ಕೆಳಗಿಟ್ಟು ನಕ್ಷೆಯನ್ನು ಅವಳ ಕಡೆ ತಿರುಗಿಸಿದ. ಅವಳು ಕಣ್ಣೊರೆಸಿಕೊಂಡು ಬಣ್ಣದ ಪೆನ್ಸಿಲ್ಲೊಂದನ್ನು ಆರಿಸಿ, ಆಚೆ ದಡದ ಎರಡು ಬೆರಳಗಲದ ಜಾಗಕ್ಕೆ ತುದಿ ಊರಿದಳು.

“ತಗೊಂಡಿರೋದು ಹಸಿರೇ ತಾನೆ?” ಎಂದ ತಮ್ಮ. ಎಂಜಿನಿಯರಿಗೂ ಬಾಗಿಲಲ್ಲಿದ್ದ ಮೇಸ್ತ್ರಿಗೂ ಕೇಳುವಷ್ಟು ಜೋರಾಗಿ.

“ಹೂಂ ಕಣಪ್ಪ,” ಎಂದಳು ಅಕ್ಕ. “ಹಸಿರೇ.”